ಲೇಸರ್ ಬಗ್ಗೆ ಶೈಲಾಗೆ ಹೇಳಿದ ಸುಳ್ಳು

ಶೈಲಾ, ಲೇಸರ್ ಚಿಕಿತ್ಸೆಯಿಂದ ನನಗೆ ಗುಣವಾಯಿತೆಂದು ನಿನಗೆ ಹೇಳಿದ್ದು ಸುಳ್ಳು. ಗುಣವಾಗಿರಲಿಲ್ಲ. ಉರಿ ಮೊದಲಿಗಿಂತ ಹೆಚ್ಚೇ ಆಗಿತ್ತು.

ಮುಟ್ಟು ನಿಂತ ಮೂರನೇ ವರ್ಷಕ್ಕೆ ಒಳಗೆಲ್ಲ ಒಣಗಿ ಉರಿಯತೊಡಗಿತ್ತು. ಮೂತ್ರಕ್ಕೆ ಹೋದರೆ ಉರಿ, ಗಂಡ ಹತ್ತಿರ ಬಂದರೆ ನೋವು—ಯಾರಿಗೆ ಹೇಳುವುದು? ಕೊಂಡಾಪುರದ ಕ್ಲಿನಿಕ್ ಒಂದರಲ್ಲಿ ಲೇಸರ್ ಮಾಡುತ್ತಾರೆಂದು ತಿಳಿದಾಗ ಮಗಳು, “ಅವ್ವಾ, ಮೊದಲ ಇನ್ನೊಬ್ಬ ಡಾಕ್ಟರನ್ನ ಕೇಳೋಣು” ಅಂದಳು. ಕೇಳಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು, ನನಗೇ ಇವಳು ಬುದ್ಧಿ ಹೇಳುತ್ತಾಳಲ್ಲ ಎಂಬ ಜಂಬ.

ಮೂರು ಸಲ ಹೋದೆ. ಕೊನೆಯ ಸಲದ ನಂತರ ಕುರ್ಚಿಯ ಮೇಲೆ ನೆಟ್ಟಗೆ ಕೂರಲಾಗದಷ್ಟು ಉರಿ. ಡಾಕ್ಟರಮ್ಮ ಫೈಲಿನಿಂದ ತಲೆಯೆತ್ತದೆ, ತೆಲುಗಿನಲ್ಲಿ “ಕೊಂದರಿಕಿ ಅಂತೇ ಅಮ್ಮಾ” ಅಂದರು. ಕೆಲವರಿಗೆ ಹಾಗೇ—ಅಷ್ಟೇ! ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ? ಕೇಳಬೇಕಿತ್ತು. ಎದ್ದು ಬಂದೆ. ಮಗಳ ಮುಂದೆ ಸೋಲಬಾರದೆಂದು ಆರಾಮಾಯಿತು ಅಂದೆ.

ಆಮೇಲೆ ನೀನು ಬಂದೆ. ಸಿಕಂದರಾಬಾದಿನಲ್ಲಿ ಹದಿನೆಂಟು ವರ್ಷ ನನ್ನ ಪಕ್ಕದ ಮನೆಯವಳು. ನನ್ನ ಅಡುಗೆಮನೆಯಲ್ಲಿ ನಿಂತು, ದನಿ ತಗ್ಗಿಸಿ ಕೇಳಿದೆ: “ಅಕ್ಕಾರ, ನನಗೂ ಹಂಗ ಉರಿಯಾಕತ್ತೈತ್ರಿ. ಲೇಸರ್ ಮಾಡಿಸೀರಲ್ಲ, ಆರಾಮ ಆತೇನ್ರಿ?”

“ಭಾಳ ಆರಾಮ ಆಗೇತಿ. ನೀನೂ ಹೋಗು.”

ಹೊರಗೆ ಕೂತಿದ್ದ ಮಗಳಿಗೆ ಕೇಳಿಸಲಿ ಎಂದೇ ತುಸು ಗಟ್ಟಿಯಾಗಿ ಹೇಳಿದೆ.

ಮೊದಲ ಸಲ ಮಾಡಿಸಿಕೊಂಡ ಮರುದಿನ ನೀನು ಮತ್ತೆ ಬಂದೆ. ಮುಖ ಕಪ್ಪಿಟ್ಟಿತ್ತು. “ನಿಮಗೂ ಹಿಂಗ ಆಗಿತ್ತೇನ್ರಿ?” ಆಗ ನಿಜ ಹೇಳಿದ್ದರೆ ನೀನು ಎರಡನೆಯ ಸಲ ಹೋಗುತ್ತಿರಲಿಲ್ಲ. “ಇಲ್ಲವ್ವ, ನನಗೇನೂ ಆಗಲಿಲ್ಲ” ಅಂದೆ. ನೀನು ಹೋದೆ. ಇನ್ನೂ ಎರಡು ಸಲ. ಆಫೀಸಿಗೆ ಸ್ಕೂಟರಿನಲ್ಲಿ ಹೋಗುವುದು ನಿಂತಿತು. ನೋವೆಂದರೆ ನಿನ್ನ ಗಂಡ ನೆಪ ಎಂದ. ಕಡೆಗೆ ಕೋಠಿ ಪೇಟೆಯ ವಯಸ್ಸಾದ ಡಾಕ್ಟರೊಬ್ಬರು ಹಾರ್ಮೋನಿನ ಮುಲಾಮು ಬರೆದುಕೊಟ್ಟ ಮೇಲೆ ಅರ್ಧದಷ್ಟು ಕಡಿಮೆಯಾಯಿತು. ನೀನು ಒಳಗೆ ಚಹಾ ಮಾಡುತ್ತಿದ್ದಾಗ ಆ ಚೀಟಿಯನ್ನು ಕದ್ದು ಓದಿ, ನಾನೂ ಅದನ್ನೇ ತಂದು ಹಚ್ಚಿಕೊಂಡೆ. ಡಾಕ್ಟರನ್ನೂ ಕೇಳಲಿಲ್ಲ, ನಿನಗೂ ಹೇಳಲಿಲ್ಲ.

ಹೋದ ವಾರ ಮೇಲಿನ ಮನೆಯ ಸರೋಜಾ ಲೇಸರ್ ವಿಷಯ ತೆಗೆದಾಗ ನೀನು ನನ್ನನ್ನೇ ತೋರಿಸಿದೆ: “ಅಕ್ಕಾರಿಗೆ ಛಲೋ ಆಗೇತ್ರಿ. ನನ್ನ ಮೈಯಾಗ ಏನೋ ಐಬು ಐತಿ.” ಆರು ವರ್ಷದಿಂದ ನೀನು ಹಾಗೆಂದೇ ನಂಬಿದ್ದೀಯೆ—ಮತ್ತು ನಾನು, ಅಲ್ಲೇ ನಿಂತಿದ್ದವಳು, ಬಾಯಿ ಬಿಡಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ.

ಸರೋಜಾಗೆ ಇವತ್ತು ಬೆಳಿಗ್ಗೆ ನಿಜ ಹೇಳಿದೆ. ಮಗಳಿಗೆ ಫೋನಿನಲ್ಲಿ ಹೇಳಿದೆ. ಈಗ ಈ ಕಾಗದವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ನೀನು ಏನು ಅಂದರೂ ಎದ್ದು ಬರುವುದಿಲ್ಲ.