ನಿಂಬೆಹಣ್ಣಿನ ಮೇಲೆ ಹತ್ತಿದ ಜೀಪು

ಪ್ರಳಯ ಆದ ಮೇಲೆ ಯಾರು ಬದುಕಬೇಕು, ಯಾರು ಸಾಯಬೇಕು ಎಂದು ತೀರ್ಮಾನಿಸುವ ಅಧಿಕಾರ ಹದಿನಾಲ್ಕು ದಿನ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ನಾನು ಮಾಡಿದ ಒಂದೇ ಒಂದು ಘನ ಕೆಲಸವೆಂದರೆ ಕೊಣನೂರಿನವನನ್ನು ಸಾಯಲು ಬಿಟ್ಟದ್ದು.

ಕಾಗದದ ಮೇಲೆ, ಅಷ್ಟೆ. ಹಾಸನದಲ್ಲಿ ಪಿಯುಸಿ ಓದುತ್ತಿದ್ದ ನಾವು ನಾಲ್ವರು ಭಾನುವಾರ ಒಂದು ಆಟ ಆಡುತ್ತಿದ್ದೆವು. ಒಬ್ಬಳು ಕಥೆ ಹೇಳುತ್ತಾಳೆ, ಉಳಿದವರು ಆ ಕಥೆಯೊಳಗಿನ ಮನುಷ್ಯರಾಗುತ್ತೇವೆ. ಪ್ರತಿಯೊಬ್ಬನಿಗೂ ಒಂದು ಹಾಳೆ; ಅದರಲ್ಲಿ ಅವನ ಪಾತ್ರದ ಕಸುಬು, ಕಸುವು, ಸಾಮಾನು. ಪಾತ್ರ ಸತ್ತರೆ ಹಾಳೆ ಹರಿಯುತ್ತಾರೆ, ಹಾಳೆ ಹರಿದವನು ಆಟದಿಂದ ಆಚೆ. ಕಥೆ ಹೇಳುತ್ತಿದ್ದವಳು ಚನ್ನರಾಯಪಟ್ಟಣದ ಹುಡುಗಿ. ಅವಳ ಮುಖದಲ್ಲಿ ನಗು ನೋಡಬೇಕಾದರೆ ಗೆಜೆಟ್ಟಿನಲ್ಲಿ ಪ್ರಕಟಣೆ ಬರಬೇಕು. ಏನಾಗುತ್ತದೆ ಎಂದು ನಿರ್ಧರಿಸಲು ಅವಳಜ್ಜಿಯ ಚೌಕಾಬಾರದ ಕವಡೆ ಎಸೆಯುತ್ತಿದ್ದೆವು. ಆಟ ನಡೆಯುತ್ತಿದ್ದದ್ದು ಹಾಸನದವನ ಮನೆಯ ಮಹಡಿಯಲ್ಲಿ. ಅವನು ಪ್ರಳಯದ ನಡುವೆಯೂ ಖಾರಾ ಬೂಂದಿ ತಿನ್ನುತ್ತಿದ್ದ. ಉಳಿದಿಬ್ಬರು ನಾನು ಮತ್ತು ಕೊಣನೂರಿನವನು.

ಕಥೆ ಇಷ್ಟು. ಹಾಸನ ಜಿಲ್ಲೆಗೆ ಯಾವುದೋ ರೋಗ ಬಂದು ಊರೂರೇ ಖಾಲಿ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಉಳಿದವರು ಬೂವನಹಳ್ಳಿಯ ವಿಮಾನ ನಿಲ್ದಾಣ ತಲುಪಿದರೆ ಬದುಕು. ಒಂದು ವಿಮಾನವೂ ಇಳಿಯದ ಜಾಗ ಅದು. ಪ್ರಳಯದ ನೆಪದಲ್ಲಾದರೂ ಒಂದು ಇಳಿಯಲಿ ಎಂದು ನಾವೇ ಇಳಿಸಿದ್ದೆವು.

ಸಾಮಾನಿನ ನಿಯಮ ಮಾತ್ರ ನನ್ನದು. ಮೊದಲೆಲ್ಲ ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳುತ್ತಿದ್ದರು. ಹಾಸನದವನು ಒಂದು ಸಲ ಯುದ್ಧದ ಟ್ಯಾಂಕ್ ತಂದು, ಅದನ್ನು ಬೇಕರಿ ಮುಂದೆ ನಿಲ್ಲಿಸಿದ್ದ. ನಾನು ಎದ್ದು ನಿಂತು, ನ್ಯಾಯಾಧೀಶನ ಮುಖ ಮಾಡಿಕೊಂಡು, ಇನ್ನು ಮೇಲೆ ಅವರವರ ಮನೆಯಲ್ಲಿ ನಿಜವಾಗಿ ಇರುವ ಸಾಮಾನನ್ನಷ್ಟೇ ತರಬೇಕು ಎಂದೆ. ಮನೆಯ ಗಾಡಿ ತಂದವನೇ ನಾಯಕ. ಯಾರು ಹತ್ತಬೇಕು ಎನ್ನುವುದು ನಾಯಕನ ಮರ್ಜಿ. ತಂಡದ ಸಾಮಾನೆಲ್ಲ ನಾಯಕನ ಕೈಯಲ್ಲಿ. ಎಲ್ಲವನ್ನೂ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದು, ನಾಲ್ವರ ಸಹಿ ಹಾಕಿಸಿದೆ.

ನ್ಯಾಯದ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಕೊಣನೂರಿನವನ ಮನೆಯಲ್ಲಿ ಸ್ವಂತ ಗಾಡಿ ಇಲ್ಲ ಎಂದು ನನಗೆ ಗೊತ್ತಿತ್ತು. ಅವನಪ್ಪ ಓಡಿಸುತ್ತಿದ್ದ ಲಗೇಜ್ ಆಟೋ ಬೇರೆಯವರದ್ದು.

ಅವನ ಮೇಲೆ ನನಗೆ ದ್ವೇಷ ಹುಟ್ಟಿದ್ದು ಪಿಯುಸಿಯ ಮೊದಲನೇ ವಾರ. ತುಂಬಿದ ಹೇಮಾವತಿಯನ್ನು ಈಜಿ ದಾಟಿದ ಕಥೆಯನ್ನು ನಾನು ಇಡೀ ತರಗತಿಗೆ ಹೇಳುತ್ತಿದ್ದೆ. ಮೊಸಳೆ ಆಗತಾನೇ ಬಾಯಿ ತೆರೆದಿತ್ತು. ಆಗ ಹಿಂದಿನ ಬೆಂಚಿನಿಂದ ಇವನು, ಬಟ್ಟೆ ಯಾವ ದಡದಲ್ಲಿ ಬಿಚ್ಚಿಟ್ಟಿದ್ದೆ ಎಂದು ಕೇಳಿದ. ಈಚೆ ದಡದಲ್ಲಿ ಎಂದೆ. ಹಾಗಾದರೆ ಆಚೆ ದಡದಿಂದ ಮನೆಗೆ ಹೆಂಗೆ ಹೋದೆ ಎಂದ. ತರಗತಿ ನಕ್ಕ ನಗೆಗೆ ಮೊಸಳೆ ಬಾಯಿ ಮುಚ್ಚಿಕೊಂಡಿತು. ಆವತ್ತಿನಿಂದ ಕಾಲೇಜಿನಲ್ಲಿ ಯಾರು ನನ್ನ ಕಂಡರೂ ನೋಟ ಒಂದು ಸಲ ನನ್ನ ಪ್ಯಾಂಟಿನ ಮೇಲೆ ಹೋಗಿ ಬರುತ್ತಿತ್ತು.

ಆಟದಲ್ಲಿ ಅವನದು ಕಾಂಪೌಂಡರ್ ಪಾತ್ರ. ಒಂದು ವರ್ಷದಿಂದ ಅದನ್ನು ಸಾಯದ ಹಾಗೆ ಕಾಪಾಡಿಕೊಂಡು, ಹಾಳೆಗೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದ. ಅದು ಹರಿಯುವಂತೆ ಮಾಡುವುದೇ ನನ್ನ ಜೀವನದ ಗುರಿಯಾಯಿತು. ಪರೀಕ್ಷೆಗೂ ನಾನು ಅಷ್ಟು ತಯಾರಿ ಮಾಡಿದವನಲ್ಲ.

ನಾನು ತಂದದ್ದು ಹಳ್ಳಿಮೈಸೂರಿನ ನಮ್ಮ ತಾತನ ಜೀಪು. ಅರ್ಧ ಸೆಲ್ಫ್ ಹೊಡೆದರೆ ಸಾಕು, ಸ್ಟಾರ್ಟ್ ಆಗುತ್ತದೆ ಎಂದೆ. ಅದು ಗುಡುಗಿದರೆ ಹೊಳೆನರಸೀಪುರದಲ್ಲಿ ಹೆಂಚು ಜಾರುತ್ತವೆ ಎಂದೆ. ಜೊತೆಗೆ ಔಷಧಿ ಹೊಡೆಯುವ ಕ್ಯಾನು, ಎರಡು ಟಾರ್ಪಾಲು, ಬಾವಿ ಹಗ್ಗ, ನಾಲ್ಕು ಮಚ್ಚು, ಹಾಲಿನ ಕ್ಯಾನು. ಚನ್ನರಾಯಪಟ್ಟಣದವಳ ಮನೆಯಿಂದ ಇನ್ನೂರು ತೆಂಗಿನಕಾಯಿ, ಸುಲಿಯುವ ಕಬ್ಬಿಣದ ಗೂಟ. ಹಾಸನದವನ ಮನೆಯಿಂದ ಎರಡು ಹೆಲ್ಮೆಟ್ಟು, ಒಂದು ಕುಕ್ಕರ್. ಕೊಣನೂರಿನವನು ಬರೆದದ್ದು ಪಂಕ್ಚರ್ ಹಾಕುವ ಡಬ್ಬಿ, ಜಾಕು, ಒಂದು ಕಂಬಳಿ. ಆಟೋ ಬರೆಯಲು ಹೋದಾಗ ನಾನು ಆರ್‌ಸಿ ಕೇಳಿದೆ. ಅವನು ಪೆನ್ನು ಕೆಳಗಿಟ್ಟ.

ಮುಂದಿನ ಭಾನುವಾರ ಜೀಪಿಗೆ ಸಾಮಾನು ತುಂಬಿದೆ. ತೆಂಗಿನಕಾಯಿಗೆ ಹಿಂದಿನ ಸೀಟು ಕೊಟ್ಟೆ. ಕುಕ್ಕರಿಗೆ ಕಿಟಕಿ ಪಕ್ಕ ಜಾಗ ಕೊಟ್ಟೆ. ಹೆಲ್ಮೆಟ್ಟುಗಳಿಗೆ ಕೂಡ ಸೀಟ್ ಬೆಲ್ಟ್ ಹಾಕಿದೆ. ಕೊನೆಗೆ ಕಾಂಪೌಂಡರನ ಕಡೆ ತಿರುಗಿ ಜಾಗ ಮುಗಿಯಿತು ಎಂದೆ.

ಚನ್ನರಾಯಪಟ್ಟಣದವಳು ಅವನ ಹಾಳೆಗೆ ಕೈ ಹಾಕುವ ಮೊದಲು, ಗಾಡಿ ಓಡುತ್ತದೆ ಎನ್ನುವುದಕ್ಕೆ ಸಾಕ್ಷಿ ಕೇಳಿದಳು. ನಾನು ಕಾಯುತ್ತಿದ್ದದ್ದೇ ಅದನ್ನು. ಆಯುಧಪೂಜೆಯ ದಿನದ ವಿಡಿಯೋ ತೋರಿಸಿದೆ. ಜೀಪಿಗೆ ಚೆಂಡುಹೂವಿನ ಹಾರ, ಬಾಳೆಕಂದು, ಬಾನೆಟ್ಟಿಗೆ ವಿಭೂತಿ. ಚಿಕ್ಕಪ್ಪ ಸ್ಟೇರಿಂಗ್ ಹಿಡಿದು ಮಹಾರಾಜರ ಗತ್ತಿನಲ್ಲಿ ಕೂತಿದ್ದಾರೆ. ಜೀಪು ಮುಂದೆ ಸರಿಯುತ್ತದೆ, ನಾಲ್ಕು ಚಕ್ರದಡಿಯ ನಾಲ್ಕು ನಿಂಬೆಹಣ್ಣೂ ಪಚಕ್.

ಆ ವಿಡಿಯೋದಲ್ಲಿ ಜೀಪಿನ ಹಿಂದೆ ಇದ್ದದ್ದನ್ನೆಲ್ಲ ನಾನು ಕತ್ತರಿಸಿದ್ದೆ. ಪೂಜೆಯ ದಿನ ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಲೇಬೇಕು, ಎಂಜಿನ್ ಸತ್ತಿದ್ದರೂ ಹತ್ತಲೇಬೇಕು. ನಮ್ಮ ಜೀಪಿನ ಎಂಜಿನ್ ನಾನು ಹುಟ್ಟುವ ಮೊದಲೇ ಸತ್ತಿತ್ತು. ಹಾಗಾಗಿ ವರ್ಷಕ್ಕೊಂದು ಸಲ ಮನೆಯವರೆಲ್ಲ ಸೇರಿ ಅದನ್ನು ಮೂರಡಿ ತಳ್ಳುತ್ತೇವೆ. ಆಮೇಲೆ ಪ್ರಸಾದ. ಆಮೇಲೆ ಮೂರಡಿ ವಾಪಸ್. ಹಿಂದೆ ಕೇಳಿಸುವ ಗುಡುಗು ಪಕ್ಕದ ಮನೆಯವರ ಟ್ರ್ಯಾಕ್ಟರಿನದ್ದು.

ಕೊಣನೂರಿನವನು ವಿಡಿಯೋವನ್ನು ಮೂರು ಸಲ ನೋಡಿದ. ನಾಲ್ಕನೇ ಸಲ ನಿಲ್ಲಿಸಿ, ಎರಡು ಬೆರಳಲ್ಲಿ ದೊಡ್ಡದು ಮಾಡಿದ.

"ಕನ್ನಡೀಲಿ ಇರೋನ್ ಯಾರ್ಲಾ?"

ಸೈಡ್ ಮಿರರಿನಲ್ಲಿ ಟೊಮೆಟೊ ಬಣ್ಣದ ಒಂದು ಮುಖ ಹಲ್ಲು ಕಚ್ಚಿಕೊಂಡಿತ್ತು. ಅದು ನಾನೇ. ಹಿಂದಿನದನ್ನೆಲ್ಲ ಕತ್ತರಿಸಿದವನಿಗೆ ಮುಂದೆ ಇದ್ದ ಕನ್ನಡಿ ಕಂಡಿರಲಿಲ್ಲ. ಅದು ಭಕ್ತಿ ಎಂದೆ. ಅವನು ಫೋನ್ ವಾಪಸ್ ಕೊಟ್ಟು, ಭಕ್ತಿಯನ್ನು ಊರಿಗೇ ಬಂದು ನೋಡುತ್ತೇನೆ ಎಂದ. ಚನ್ನರಾಯಪಟ್ಟಣದವಳು ಬರುವ ಭಾನುವಾರ ತನಿಖೆ ಎಂದು ಬರೆದುಕೊಂಡಳು. ಜೀಪು ಸ್ಟಾರ್ಟ್ ಆದರೆ ಕಾಂಪೌಂಡರ್ ಸಾಯುತ್ತಾನೆ, ಆಗದಿದ್ದರೆ ನನ್ನ ನಾಯಕತ್ವ ಹೋಗುತ್ತದೆ.

ಆ ವಾರ ನಾನು ಮೆಕ್ಯಾನಿಕ್ ಒಬ್ಬರನ್ನು ಕಂಡು ಜೀಪಿನ ಫೋಟೋ ತೋರಿಸಿದೆ. ಅವರು ಫೋಟೋವನ್ನು ನೋಡಿ ಟೋಪಿ ತೆಗೆದರು.

ಭಾನುವಾರ ಹಾಸನದಿಂದ ಹೊಳೆನರಸೀಪುರಕ್ಕೆ, ಅಲ್ಲಿಂದ ಹಳ್ಳಿಮೈಸೂರಿಗೆ ಬಸ್ಸು. ದಾರಿಯುದ್ದಕ್ಕೂ ಕೊಣನೂರಿನವನು ನನ್ನ ಪಕ್ಕದಲ್ಲೇ ಕೂತು ತನ್ನ ಲ್ಯಾಮಿನೇಷನ್ ಹಾಳೆಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಬ್ಯಾಟರಿ ಇಳಿದಿರಬಹುದು, ಡೀಸೆಲ್ ಇಲ್ಲದೆ ಇರಬಹುದು, ಇವತ್ತು ಅಮಾವಾಸ್ಯೆ ಇರಬಹುದು ಎಂದು ನೆಪಗಳನ್ನು ಒಂದೊಂದಾಗಿ ಹೊರಗೆ ಬಿಡುತ್ತಿದ್ದೆ. ಹಾಸನದವನು ಪ್ರತಿಯೊಂದಕ್ಕೂ ಹೂಂಗುಟ್ಟುತ್ತ ಬೂಂದಿ ಮುಗಿಸಿದ.

ಕೊಟ್ಟಿಗೆಯ ಪಕ್ಕ ಜೀಪಿತ್ತು. ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನಾನು ಎದೆ ಉಬ್ಬಿಸಿ ಬಾನೆಟ್ ತಟ್ಟಿದೆ. ಒಂದು ದೀಪ ಕಳಚಿ ಬಿತ್ತು. ಅಷ್ಟರಲ್ಲಿ ನಮ್ಮಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮೊಮ್ಮಗನ ಜೊತೆ ಮೂರು ಜನ ಜೀಪಿನ ಸುತ್ತ ನಿಂತಿರುವುದನ್ನು ನೋಡಿ ಅವರಿಗೆ ಕನಿಕರವಾಯಿತು.

"ಪೂಜೆ ಇನ್ನೂ ದೂರ ಐತಲ್ಲ ಮಗ, ಈಗ್ಲೇ ಯಾಕ್ ತಳ್ಳಾಕ್ ಜನ ಕರ್ಕೊಂಡ್ ಬಂದಿದ್ದೀಯ?"

ಹಾಸನದವನು ನಗಲು ಶುರು ಮಾಡಿದವನು ಮಾವಿನ ಮರ ಹಿಡಿದುಕೊಂಡ. ಕೊಣನೂರಿನವನು ನಗಲಿಲ್ಲ. ಅಜ್ಜಿಯ ಹತ್ತಿರ ಹೋಗಿ, ಅದು ಕೊನೆಯದಾಗಿ ಓಡಿದ್ದು ಯಾವಾಗ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಅಜ್ಜಿ ನಮ್ಮಪ್ಪನ ಮದುವೆಯ ದಿಬ್ಬಣದಿಂದ ಶುರು ಮಾಡಿ, ಅದು ಯಾವ ಏರಿಯ ಮೇಲೆ ನಿಂತುಹೋಯಿತು, ಮದುಮಗ ಹೇಗೆ ಇಳಿದು ತಳ್ಳಿದ, ಎಲ್ಲವನ್ನೂ ಹೇಳಿದರು. ನಮ್ಮ ವಂಶದಲ್ಲಿ ತಳ್ಳುವುದು ತಲೆಮಾರಿನಿಂದ ಬಂದದ್ದು ಎಂದು ನನಗೂ ಆಗಲೇ ತಿಳಿದದ್ದು.

ಕಾಫಿ ಕುಡಿಯುತ್ತ ಜಗಲಿಯ ಮೇಲೆ ತೀರ್ಪಾಯಿತು. ತಾನಾಗಿ ಓಡದ್ದು ಗಾಡಿಯಲ್ಲ ಎಂದು ಚನ್ನರಾಯಪಟ್ಟಣದವಳು ಜೀಪನ್ನು ಹೊಡೆದುಹಾಕಿದಳು. ಹಾಗಾದರೆ ಎಲ್ಲರೂ ಸಾಯೋಣ ಎಂದೆ ನಾನು. ಆಗ ಹಾಸನದವನು, ಊರೇ ಸತ್ತ ಮೇಲೆ ಆರ್‌ಸಿ ಕೇಳಲು ಯಾರು ಬದುಕಿರುತ್ತಾರೆ ಎಂದು ಕೇಳಿದ. ಒಂದು ವರ್ಷದಲ್ಲಿ ಅವನು ಬಾಯಿ ಖಾಲಿ ಮಾಡಿಕೊಂಡು ಆಡಿದ ಮೊದಲ ಮಾತು ಅದು. ಅವಳು ನನ್ನ ನಿಯಮದ ಹಾಳೆಯಲ್ಲಿ 'ಮನೆಯ' ಎಂಬ ಪದಕ್ಕೆ ಗೀಟು ಎಳೆದಳು. ದಿನಾ ಬೆಳಿಗ್ಗೆ ಸ್ಟಾರ್ಟ್ ಆಗುವ, ಎಲ್ಲರೂ ಹಿಡಿಸುವ ಗಾಡಿ ನಮ್ಮ ನಾಲ್ವರಲ್ಲಿ ಒಬ್ಬನಿಗೇ ಗೊತ್ತಿತ್ತು. ಕೊಣನೂರಿನವನು ನಾಯಕನಾದ.

ಲಗೇಜ್ ಆಟೋ ಅಲ್ಲವೇ, ಹಿಂದೆ ಬೇಕಾದಷ್ಟು ಜಾಗವಿದೆ ಎಂದು ನಾನು ಆದಷ್ಟು ಹಗುರವಾಗಿ ಹೇಳಿದೆ.

"ಐತೆ," ಎಂದ ಅವನು. "ಎಂಟ್ ಜನ ಕೂರ್ಬೋದು. ನಿನ್ನ ಅತ್ತುಸ್ಕೊಳ್ಳಲ್ಲ ಅಷ್ಟೆ."

ಆಮೇಲೆ ನನ್ನ ಹಾಳೆಯನ್ನು ಎಳೆದುಕೊಂಡು, ತಂಡದ ಸಾಮಾನು ನಾಯಕನ ಕೈಯಲ್ಲಿ ಎಂದು ನಾನೇ ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ, ಒಂದೊಂದೇ ತೆಗೆದುಕೊಂಡ. ಟಾರ್ಪಾಲು ಹೋಯಿತು. ಹಗ್ಗ ಹೋಯಿತು. ನಾಲ್ಕು ಮಚ್ಚೂ ಹೋದವು. ಔಷಧಿ ಕ್ಯಾನಿನ ಮುಂದೆ ಸ್ವಲ್ಪ ಯೋಚಿಸಿದ. ನನ್ನಲ್ಲಿ ಆಸೆ ಹುಟ್ಟಿದ ಮೇಲೆ ಅದನ್ನೂ ತೆಗೆದುಕೊಂಡ. ಕೊನೆಗೆ ಉಳಿದದ್ದು ನಾನು ಹಾಳೆಯ ಮೂಲೆಯಲ್ಲಿ ಬರೆದಿದ್ದ ಒಂದು ಟಾರ್ಚು.

ಹಿಂದೆ ಉಳಿದವನ ಹತ್ತಿರ ಬೆಳಕಿದ್ದರೆ ಅವನಿಗೆ ಒಂದು ಸಲ ಕವಡೆ ಎಸೆಯುವ ಅವಕಾಶ ಎಂದು ಚನ್ನರಾಯಪಟ್ಟಣದವಳು ಹೇಳಿದಳು. ಟಾರ್ಚು ಉರಿಯುತ್ತದೆಯೇ ಎಂದು ಕೇಳಿದಳು. ಅದರೊಳಗೆ ಸೆಲ್ ಇರಲಿಲ್ಲ. ಉರಿಯುತ್ತದೆ ಎಂದೆ.

"ತಂದ್ ತೋರ್ಸ್ಲಾ," ಎಂದ ಕೊಣನೂರಿನವನು.

ಒಳಗೆ ಓಡಿದೆ. ಟಾರ್ಚು ಅಕ್ಕಿ ಡ್ರಮ್ಮಿನ ಹಿಂದೆ ಸಿಕ್ಕಿತು. ಸ್ಟೂಲು ಹತ್ತಿ ಗೋಡೆ ಗಡಿಯಾರದಿಂದ ಒಂದು ಸೆಲ್ ಕಿತ್ತೆ, ಟಿವಿ ರಿಮೋಟಿನಿಂದ ಇನ್ನೊಂದು. ಒಂದನ್ನು ತಿರುಗುಮುರುಗಾಗಿ ಹಾಕಿ, ಮತ್ತೆ ತೆಗೆದು ಹಾಕಿದೆ. ಅಷ್ಟರಲ್ಲಿ ರಸ್ತೆಯಲ್ಲಿ ಹೊಳೆನರಸೀಪುರದ ಬಸ್ಸು ಹಾರನ್ ಹೊಡೆಯಿತು.

ಹೊರಗೆ ಬಂದಾಗ ಜಗಲಿಯ ಮೇಲೆ ಯಾರೂ ಇರಲಿಲ್ಲ. ನನ್ನ ಹಾಳೆ ಸರಿಯಾಗಿ ಎರಡು ಭಾಗವಾಗಿತ್ತು. ಗಾಳಿಗೆ ಹಾರದ ಹಾಗೆ ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು. ಟಾರ್ಚು ಉರಿಯುತ್ತಿತ್ತು. ಆ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಉರಿಯುತ್ತಿದೆ ಎಂದು ತಿಳಿಯಲು ನಾನು ಅಂಗೈ ಅಡ್ಡ ಹಿಡಿದು ನೋಡಬೇಕಾಯಿತು.