ಶ್ರಾವಣ ಕಳೆಯಲೆಂದು ಬಾವಿಗೆ ಬಿಟ್ಟ ಮೀನು

ಮುಳ್ಳು ಸಿಗದ ಮೀನನ್ನು ನಾನು ಇವತ್ತಿಗೂ ನಂಬುವುದಿಲ್ಲ. ಹಾಸನದ ಹೋಟೆಲಿನಲ್ಲಿ ಜೊತೆಗಿದ್ದವರು ಮೀನು ಫ್ರೈ ತರಿಸಿದರೆ, ತುಂಡನ್ನು ಮಗುಚಿ ಚರ್ಮದ ಮೇಲೆ ಹುರುಪೆಯಿದ್ದ ಗುರುತು ಇದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ತಟ್ಟೆಯನ್ನು ಅವರ ಕಡೆಗೇ ಸರಿಸುತ್ತೇನೆ. ರುಚಿಯ ಬಗ್ಗೆ ನನಗೆ ದೂರಿಲ್ಲ. ಎಲ್ಲಿಂದ ಬಂತು, ಏನು ತಿಂದು ಬೆಳೆಯಿತು ಎಂದು ಗೊತ್ತಾಗುವವರೆಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ಅಷ್ಟೆ.

ಅಕ್ಕನನ್ನು ಕೊಟ್ಟದ್ದು ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ದಾರಿಯ ಒಂದು ಊರಿಗೆ. ಭಾವನಿಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆಯಿತ್ತು. ಆದರೆ ಅವರ ಮನೆ ನಡೆಯುತ್ತಿದ್ದುದು ಕೆರೆಯ ಮೀನಿನಿಂದ. ಮಳೆಗಾಲದಲ್ಲಿ ಕಟ್ಲಾ, ರೋಹು ಮರಿ ತಂದು ಬಿಡುವುದು, ಬೇಸಿಗೆಯಲ್ಲಿ ಬಲೆ ಹಾಕಿ ಕೊಣನೂರಿನ ಸಂತೆಗೆ ಒಯ್ಯುವುದು. ಮೀನು ಹಿಡಿಯುವ ಹಕ್ಕು ಅವರ ಹೆಸರಿನಲ್ಲಿ ಇತ್ತು ಎನ್ನುವುದು ಕಾಗದದ ಮಾತು. ಅದು ಅವರ ಹತ್ತಿರವೇ ಉಳಿಯಬೇಕಾದರೆ ಊರ ಯಜಮಾನರು ತಲೆ ಆಡಿಸಬೇಕಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಬೇಸಿಗೆ. ಹಾಸನದಿಂದ ರಜೆಗೆ ಹೋಗಿದ್ದ ನಾನು ಕೆರೆಯ ಏರಿಯ ಮೇಲೆ ನಿಂತಿದ್ದೆ. ಬಲೆ ಎಳೆದಾಗ ಬೆಳ್ಳಗೆ ಮಿನುಗಬೇಕಾದ ಜಾಗದಲ್ಲಿ ಕಪ್ಪಗೆ ಏನೋ ಹೊರಳಾಡಿತು. ತೋಳುದ್ದದ ಮೀನುಗಳು, ಹುರುಪೆಯಿಲ್ಲದ ಲೋಳೆ ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ಮೀಸೆ. ನಮ್ಮ ಕಡೆಯ ಕೆಸರು ಮೀನು ಮುರುಗೋಡಿಗೂ ಮೀಸೆ ಇದೆ, ಆದರೆ ಅದು ಇಷ್ಟು ದೊಡ್ಡದಾದದ್ದನ್ನು ಯಾರೂ ಕಂಡಿರಲಿಲ್ಲ. ಕಟ್ಲಾ ಬುಟ್ಟಿಯ ತಳ ಮುಚ್ಚುವಷ್ಟೂ ಇರಲಿಲ್ಲ. ಭಾವ ಆ ಕಪ್ಪು ಮೀನುಗಳನ್ನು ಬಿಸಿಲಿಗೆ ಎಸೆದು ಊಟಕ್ಕೆ ಹೋದರು. ನಾವು ತಿರುಗಿ ಬಂದಾಗ ಅವು ಸತ್ತಿರಲಿಲ್ಲ. ಒಂದು ಮೀನು ಎದೆಯ ರೆಕ್ಕೆಗಳನ್ನು ಊರುತ್ತಾ ಹುಲ್ಲಿನ ಮೇಲೆ ನೀರಿನ ಕಡೆಗೇ ಹೋಗುತ್ತಿತ್ತು. ದಿಕ್ಕು ತಪ್ಪಿರಲಿಲ್ಲ.

ಸಂಜೆ ಅಕ್ಕ ಒಂದರ ಹೊಟ್ಟೆ ಸೀಳಿದಳು. ಒಳಗೆ ಭಾವ ಬಿಟ್ಟಿದ್ದ, ಅಂಗೈಯಗಲಕ್ಕೆ ಬೆಳೆದಿದ್ದ ಕಟ್ಲಾಗಳು ಮುದ್ದೆಯಾಗಿ ಬಿದ್ದಿದ್ದವು. ಮೇಲಿನದರ ಕಣ್ಣು ಇನ್ನೂ ಕರಗಿರಲಿಲ್ಲ.

"ನೋಡ್ರಿ," ಎಂದು ಅಕ್ಕ ಭಾವನನ್ನು ಕರೆದಳು. "ನೀವ್ ಸಾಕಿದ್ದು ಇದ್ರ ಒಟ್ಟೆಗೆ."

ಭಾವ ಒಮ್ಮೆ ನೋಡಿ ಎದ್ದುಹೋದರು.

ಊರು ಅರಳಿಕಟ್ಟೆಯಲ್ಲಿ ಸೇರಿತು. ಅದು ಆಫ್ರಿಕಾದ ಕ್ಯಾಟ್‌ಫಿಶ್, ಅದನ್ನು ಸಾಕಬಾರದೆಂದು ಸರ್ಕಾರವೇ ಹೇಳಿದೆ ಎಂಬ ಸುದ್ದಿ ಅಷ್ಟರಲ್ಲಿ ಬಂದಿತ್ತು. ಚನ್ನರಾಯಪಟ್ಟಣದ ಕಡೆ ಯಾರೋ ಕೋಳಿ ಅಂಗಡಿಯ ಕಸ ಹಾಕಿ ಗುಟ್ಟಾಗಿ ಬೆಳೆಸುತ್ತಾರಂತೆ ಎಂಬ ಮಾತೂ ಇತ್ತು.

"ಕೆರೆ ನಿನ್ ಕೈಯಾಗೈತೆ," ಎಂದರು ಯಜಮಾನರು ಭಾವನಿಗೆ. "ಆಫ್ರಿಕಾದಿಂದ ಮೀನು ತಾನಾಗೇ ನಡ್ಕಂಡ್ ಬತ್ತದೇನ್ಲಾ?"

"ನಡೀತದೆ ಕಣಪ್ಪ, ನಾನೇ ಕಣ್ಣಾರೆ ಕಂಡಿವ್ನಿ," ಎಂದಳು ಪಕ್ಕದಲ್ಲಿದ್ದ ಅವರ ತಾಯಿ, ಹಲ್ಲಿಲ್ಲದ ಮುದುಕಿ. "ನಿನಗಿಂತ ಚೆಂದಾಗ್ ನಡೀತದೆ."

ಎಲ್ಲರೂ ನಕ್ಕರು. ಭಾವ ನಗಲಿಲ್ಲ. ನನಗೂ ನಗು ಬರಲಿಲ್ಲ, ಅದಕ್ಕೆ ಕಾರಣವಿತ್ತು.

ಹಿಂದಿನ ವರ್ಷ ಆಫೀಸಿನ ಕೆಲಸಕ್ಕೆ ಹೊಳೆನರಸೀಪುರಕ್ಕೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನ ಎದುರು ಭಾವನನ್ನು ಕಂಡಿದ್ದೆ. ಮೊಪೆಡ್ಡಿನ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು, ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ, ಸುತ್ತ ಹಗ್ಗ. ಏನೆಂದು ಕೇಳಿದೆ. "ಮರಿ" ಎಂದು ಬಸ್ಸಿನ ಕಡೆ ನೋಡಿದರು. ಮೀನಿನ ಮರಿಗಳನ್ನು ಅವರು ಯಾವಾಗಲೂ ತರುತ್ತಿದ್ದುದು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. ಮುಚ್ಚಿದ ಡ್ರಮ್ಮಿನಲ್ಲಿ ಕಟ್ಲಾ ಮರಿ ಅರಕಲಗೂಡು ಮುಟ್ಟುವುದರೊಳಗೆ ಸಾಯುತ್ತದೆ. ಸಾಯದೆ ಉಳಿಯುವ ಮೀನು ಯಾವುದೆಂದು ನಾನು ಈಗ ಏರಿಯ ಮೇಲೆ ನೋಡಿದ್ದೆ. ಆದರೆ ಡ್ರಮ್ಮಿನ ಒಳಗೆ ಏನಿತ್ತೆಂದು ನಾನು ನೋಡಿರಲಿಲ್ಲ. ನೋಡದ್ದನ್ನು ಹೇಳಬಾರದೆಂದು ಕಟ್ಟೆಯ ಮೇಲೆ ಸುಮ್ಮನೆ ಕೂತೆ.

ವಿಷ ಹಾಕುವಂತಿರಲಿಲ್ಲ, ದನಕರು ಅದೇ ನೀರು ಕುಡಿಯುತ್ತಿದ್ದವು. ಕೆರೆ ಖಾಲಿ ಮಾಡಿದರೆ ಗದ್ದೆಗೆ ನೀರಿಲ್ಲ. ಕೊನೆಗೆ ಯಜಮಾನರೇ ದಾರಿ ಹೇಳಿದರು. "ಕೋಳಿ, ಕುರಿ ಎಲ್ಲ ಬುಡಿ. ಯಾರ್ ಬೇಕಾದ್ರೂ ಇಡೀರಿ, ತಿನ್ರಿ. ಊರೆಲ್ಲ ತಿಂದ್ರೆ ಎಷ್ಟ್ ದಿನ ಉಳೀತದೆ ಅದು?" ಆಮೇಲೆ ಭಾವನ ಕಡೆ ತಿರುಗಿದರು. "ತೂಬಿನಿಂದ ಕೆಳೀಕೆ ಒಂದ್ ಮೀನೂ ಓಗ್ಕೂಡ್ದು. ಗೌರಿ ಅಬ್ಬ ಕಳೆದ್ ಮ್ಯಾಕೆ ನೋಡ್ತೀವಿ. ಕೆಳಗ್ಲ ಗದ್ದೇಲಿ ಇದು ಕಂಡ್ರೆ ಕೆರೆ ಬ್ಯಾರೆಯೋರ್ಗೆ."

ಭಾವ ಗದ್ದೆಗೆ ನೀರು ಬಿಡುವ ತೂಬಿಗೂ ಕೆರೆ ತುಂಬಿದರೆ ನೀರು ಹೊರಬೀಳುವ ಕೋಡಿಗೂ ಸಣ್ಣ ಕಣ್ಣಿನ ಬಲೆಯನ್ನು ಎರಡು ಪದರ ಮಾಡಿ ಕಟ್ಟಿದರು. ದಿನಾ ಬೆಳಿಗ್ಗೆ ಹೋಗಿ ಬೆರಳಾಡಿಸಿ ಬರುತ್ತಿದ್ದರು.

ಊರು ತಿನ್ನತೊಡಗಿತು. ಮೊದಮೊದಲು ಅನುಮಾನದಿಂದಲೇ. ಹೆಂಗಸರು ಲೋಳೆ ಹೋಗಲೆಂದು ಬೂದಿ ಹಾಕಿ ಉಜ್ಜಿ, ಉಪ್ಪು ಹುಣಿಸೆಯಲ್ಲಿ ತೊಳೆದು, ಹೊಟ್ಟೆಯಲ್ಲಿ ಏನಿದೆ ಎಂದು ಪಕ್ಕದವರನ್ನು ಕರೆದು ತೋರಿಸುತ್ತಿದ್ದರು. ಒಂದರಲ್ಲಿ ಕಪ್ಪೆ, ಒಂದರಲ್ಲಿ ಹಕ್ಕಿಯ ಪುಕ್ಕ. ಗಂಡಸರು ಮೊದಲ ತುತ್ತನ್ನು ಬೇರೆಯವರು ನುಂಗಲಿ ಎಂದು ಕಾಯುತ್ತಿದ್ದರು. ಮುದುಕಿ ಮಾತ್ರ ಕಾಯಲಿಲ್ಲ. "ಮುಳ್ಳಿಲ್ಲ ಕಣ್ರವ್ವ, ಅಲ್ಲುದುರಿದೋಳ್ಗೆ ಯೋಳಿ ಮಾಡ್ಸಿದಂಗೈತೆ," ಎಂದು ಮುದ್ದೆಯ ಜೊತೆ ಎರಡು ಸಲ ಸಾರು ಹಾಕಿಸಿಕೊಂಡಳು. ಆಷಾಢದ ಹೊತ್ತಿಗೆ ಅನುಮಾನ ಕರಗಿ ಹಟವೇ ಬಂದಿತ್ತು. ಒಂದು ಭಾನುವಾರ ನಾನು ಹೋದಾಗ, ಬಲೆಗೆ ಬರುವ ಕಪ್ಪು ಮೀನು ಕಡಿಮೆಯಾಗುತ್ತಿದೆ ಎಂದು ಭಾವ ಹೇಳಿದರು. ಅವರ ಮುಖ ತಿಳಿಯಾಗಿತ್ತು. ಅದನ್ನು ನೋಡಿ ನನಗೆ ಆ ಡ್ರಮ್ಮು ಇನ್ನೂ ಹೆಚ್ಚು ನೆನಪಾಗುತ್ತಿತ್ತು.

ಆಮೇಲೆ ಶ್ರಾವಣ ಬಂತು. ಆ ಊರಿನಲ್ಲಿ ಸೋಮವಾರ, ಶನಿವಾರ ಯಾರೂ ಬಾಡು, ಮೀನು ಮುಟ್ಟುವುದಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಒಲೆಗೆ ಮಡಿ. ಅಕ್ಕ ಮೀನು ಬೇಯಿಸುವ ಮಡಕೆಯನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಭಾವನೂ ಬಲೆ ಮಡಿಸಿದರು. ತಿನ್ನದ ತಿಂಗಳಲ್ಲಿ ಕೊಲ್ಲುವುದೂ ಪಾಪ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ, ನನಗೂ ಕೂಡ.

ಆ ತಿಂಗಳು ಒಂದು ಭಾನುವಾರ ಹೋದಾಗ ಯಜಮಾನರು ನನ್ನನ್ನು ಕರೆದು ಹಿತ್ತಲಿನ ಬಾವಿ ತೋರಿಸಿದರು. ಕೆರೆಯ ಕೆಳಗಿನ ಮನೆಗಳ ಬಾವಿಗಳೆಲ್ಲ ಹಾಗೆಯೇ, ಆಳವಿಲ್ಲ, ಮಳೆಗಾಲದಲ್ಲಿ ಬಗ್ಗಿದರೆ ನೀರು ಸಿಗುತ್ತದೆ. ಅವರು ತಂಗಳು ಮುದ್ದೆಯ ಉಂಡೆ ಎಸೆದರು. ಕಪ್ಪು ಮೀಸೆಗಳು ಮೇಲೆ ಬಂದವು.

"ಆಷಾಡದ ಕೊನೇಲಿ ಇಡ್ದಿದ್ದು ಸಾ. ತಿನ್ನಕಾಗ್ಲಿಲ್ಲ, ತಿಂಗ್ಳು ಬಂದ್ಬುಡ್ತು. ಕೊಂದ್ ಮಡಗಿದ್ರೆ ಕೊಳೀತದೆ. ಇಂಗ್ ಬುಟ್ರೆ ಅಬ್ಬದೊತ್ಗೆ ಇನ್ನೊಂದೀಟ್ ಬೆಳೀತದೆ."

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಒಳಗಡೆ ನೋಡಿ ದನಿ ತಗ್ಗಿಸಿದಳು. "ಎಲ್ಲರ ಮನೇಲೂ ಐತೆ ಕಣೋ ತಮ್ಮಯ್ಯ. ನಮ್ ಬಾವೀಲೂ ಒಂದ್ ಬುಟ್ಟಿವ್ನಿ. ನಿಮ್ ಭಾವುಂಗೆ ಯೋಳ್ಬ್ಯಾಡ."

ಯಜಮಾನರ ಬಾವಿಯ ಕಟ್ಟೆಗೂ ನೀರಿಗೂ ನಡುವೆ ಆಗ ಒಂದು ಮೊಳ ಅಂತರವಿತ್ತು. ಅದನ್ನು ನಾನು ಗಮನಿಸಿದ್ದೆ. ಅದರ ಅರ್ಥ ಹೊಳೆದಿರಲಿಲ್ಲ.

ಮತ್ತೊಮ್ಮೆ ಹೋಗಿದ್ದಾಗ ಮಳೆ ಹಿಡಿಯಿತು. ಬಿಡದೆ ಸುರಿದು ಒಂದು ಬೆಳಿಗ್ಗೆ ತೆರಪು ಕೊಟ್ಟಾಗ ನಾನು ಗದ್ದೆಯ ಬದುವಿನ ಮೇಲೆ ನಡೆದು ಬಸ್ಸಿಗೆ ಹೊರಟಿದ್ದೆ. ಕೆಳಗಿನ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು "ಆವು, ಆವು!" ಎಂದು ಕೂಗಿ ಬದುವಿಗೆ ಹತ್ತಿದರು. ಹಾವಲ್ಲ. ಪೈರಿನ ನಡುವೆ ಬೆನ್ನು ಕಾಣುವಷ್ಟೇ ನೀರಿನಲ್ಲಿ ಆ ಮೀನು ತಲೆ ಅಲ್ಲಾಡಿಸುತ್ತಾ ಹೋಗುತ್ತಿತ್ತು. ನನ್ನ ಕಾಲಿನ ಮುಂದೆಯೇ ಇನ್ನೊಂದು, ನೀರೇ ಇಲ್ಲದ ಬದುವನ್ನು ಒದ್ದೆ ಹುಲ್ಲಿನ ಮೇಲೆ ದಾಟಿ ಆಚೆಯ ಗದ್ದೆಗೆ ಬಿತ್ತು. ಇಳಿಜಾರಿನ ಕೊನೆಗೆ ಹಳ್ಳ, ಹಳ್ಳದ ಕೊನೆಗೆ ಪಕ್ಕದೂರಿನ ಕೆರೆ. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ, ಬಸ್ಸು ಹೋಗಿಬಿಟ್ಟಿತ್ತು.

ಭಾವನಿಗೆ ಕೆರೆ ತಪ್ಪಿತು ಎಂದುಕೊಂಡೆ. ಬಲೆಯನ್ನು ಅವರೇ ಸಡಿಲ ಮಾಡಿರಬಹುದೇ ಎಂಬ ಯೋಚನೆಯೂ ಬಂತು. ಅನುಮಾನ ಒಮ್ಮೆ ಒಳಗೆ ಹೊಕ್ಕರೆ ಎಲ್ಲಕ್ಕೂ ಬಾಯಿ ಹಾಕುತ್ತದೆ.

ಗೌರಿ ಹಬ್ಬ ಕಳೆದ ಮೇಲೆ ಮತ್ತೆ ಅರಳಿಕಟ್ಟೆ. ಯಜಮಾನರು ಮೊದಲೇ ತೀರ್ಮಾನ ಮಾಡಿಕೊಂಡು ಬಂದಂತಿತ್ತು. "ಬಲೆ ಅರಿದೈತೆ. ಇಲ್ದಿದ್ರೆ ಮೀನ್ ಎಂಗೋದ್ವು?"

ಭಾವ ಏನೂ ಹೇಳದೆ ತೂಬಿನ ಬಲೆಯನ್ನೂ ಕೋಡಿಯ ಬಲೆಯನ್ನೂ ತಂದು ಕಟ್ಟೆಯ ಮುಂದೆ ಹಾಸಿದರು. "ಮುಟ್ಟಿ ನೋಡಿ." ಯಜಮಾನರು ಕುಕ್ಕರಗಾಲಿನಲ್ಲಿ ಕೂತು ಅಂಚಿನಿಂದ ಅಂಚಿಗೆ ಕೈಯಾಡಿಸಿದರು. ಹರಿದಿರಲಿಲ್ಲ.

ಆಗ ಮುದುಕಿ ಸಿಟ್ಟಿನಿಂದ ಎದ್ದಳು. "ಬಲೆ ಅಂಗಿರ್ಲಿ ಕಣ್ಲಾ. ನಮ್ ಬಾವಿ ಮೀನ್ ಕದ್ದೋರ್ ಯಾರು, ಅದ್ ಯೋಳಿ ಮೊದ್ಲು. ಅಬ್ಬ ಕಳೀಲಿ ಅಂತ ಮುದ್ದೆ ಆಕಿ ಸಾಕಿದ್ದೆ. ಒಂದೂ ಇಲ್ಲ!"

"ನಮ್ ಬಾವೀದೂ ಓಗೈತೆ," ಎಂದಿತು ಹಿಂದಿನಿಂದ ಒಂದು ದನಿ.

"ನಮ್ದೂ!"

"ಕದ್ದೋರ್ ಗೊತ್ತು ಬುಡಿ. ಶ್ರಾವಣದಾಗೆ ಯಾರ್ ಮನೇಲಿ ಮಸಾಲೆ ಅರೆಯೋ ಸದ್ದಾಯ್ತೋ ನಂಗೂ ಕೇಳ್ಸೈತೆ."

"ಯಾರಿಗ್ಲಾ ಅಂತೀಯ? ಉಳ್ಳಿಕಾಳ್ ಸಾರಿಗೆ ಮಸಾಲೆ ಅರೀಬಾರ್ದಾ?"

ಒಬ್ಬರ ಕಡೆಗೊಬ್ಬರು ಬೊಟ್ಟುಮಾಡುತ್ತಾ ಇಡೀ ಊರು ಎದ್ದು ನಿಂತಿತು. ಆ ಗದ್ದಲದಲ್ಲಿ ಹೆಂಗಸರ ಕಡೆಯಿಂದ ಅಕ್ಕ ಎದ್ದಳು. ಸೆರಗು ಬಿಗಿದುಕೊಂಡಿದ್ದಳು.

"ನಮ್ ಬಾವೀಲೂ ಒಂದಿತ್ತು. ನಾನೇ ಬುಟ್ಟಿದ್ದೆ, ನಮ್ಮನೆಯೋರ್ಗೆ ಗೊತ್ತಿಲ್ದಂಗೆ. ಅದೂ ಓಯ್ತು. ಯಾರೂ ಕದ್ದಿಲ್ಲ. ಮಳೇಲಿ ಬಾವಿ ತುಂಬಿ ಕಟ್ಟೆ ಮ್ಯಾಲೆ ನೀರ್ ಅರೀತಿತ್ತಲ್ಲ, ಯಾರೂ ನೋಡ್ಲಿಲ್ವಾ?"

ಭಾವ ಅವಳನ್ನೇ ನೋಡಿದರು. ಯಜಮಾನರು ಬಲೆಯ ಮೇಲಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. "ಆಸನದ ಸಾ, ನೀವ್ ಅವತ್ತು ಗದ್ದೇ ತಾವ ಇದ್ರಂತಲ್ಲ. ಯೋಳಿ."

ಗದ್ದೆಯಲ್ಲಿ ಕಂಡದ್ದನ್ನು ಹೇಳಿದೆ. ಅವರ ಬಾವಿಯಲ್ಲಿ ಕಂಡದ್ದನ್ನೂ ಹೇಳಿದೆ. ಅವತ್ತೇ ನೀರಿಗೂ ಕಟ್ಟೆಗೂ ಮೊಳದಷ್ಟೇ ಅಂತರವಿತ್ತು ಎಂದೂ ಹೇಳಿದೆ. ಹೊಳೆನರಸೀಪುರದ ಮಾತು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಯಜಮಾನರು ಬಲೆಯನ್ನು ಭಾವನ ಕಡೆಗೆ ಸರಿಸಿ, "ಕೆರೆ ಇವ್ನ ತಾವೇ ಇರ್ಲಿ," ಎಂದರು. "ಇನ್ಮ್ಯಾಕೆ ಮನೇಗೆ ಜೀವಂತ ಮೀನು ತರಂಗಿಲ್ಲ. ಏರಿ ಮ್ಯಾಲೇ ತಲೆ ಕುಯ್ದು ತರ್ಬೇಕು."

"ಶ್ರಾವಣದಾಗೆ?" ಎಂದಳು ಮುದುಕಿ. "ತಿಂಗ್ಳು ಸುಮ್ನಿದ್ರೆ ಮತ್ತೆ ಕೆರೆ ತುಂಬಾ ಮರಿ ಆಕ್ತವೆ. ಆಗ ಕುಯ್ಯೋನ್ ಯಾವೋನು?"

"ನಾನ್ ಕುಯ್ತೀನಿ," ಎಂದರು ಭಾವ. "ಕೆರೆ ನಂದಲ್ವಾ."

ಮನೆಗೆ ನಡೆಯುವಾಗ ಅಕ್ಕ ಮುಂದೆ ಹೋಗುತ್ತಿದ್ದಳು. ನಾನು ಭಾವನ ಪಕ್ಕದಲ್ಲಿದ್ದೆ. "ಆ ನೀಲಿ ಡ್ರಮ್ಮಿನಲ್ಲಿ ಏನಿತ್ತು ಭಾವ?" ಎಂದು ಕೇಳಿದೆ.

"ಯಾವ ಡ್ರಮ್ಮು?" ಎಂದು ಅವರು ನಡಿಗೆ ನಿಲ್ಲಿಸದೆ ಹೋದರು.

ಮುಂದಿನ ಶ್ರಾವಣದಲ್ಲಿ ಒಂದು ಸೋಮವಾರ ನಾನು ಅಲ್ಲಿದ್ದೆ. ಭಾವ ಒಬ್ಬರೇ ಬಲೆ ಎಳೆದು, ಏರಿಯ ಕಲ್ಲಿನ ಮೇಲೆ ಒಂದೊಂದೇ ಮೀನಿನ ತಲೆ ಕಡಿಯುತ್ತಿದ್ದರು. ದಾರಿಯಲ್ಲಿ ಹೋಗುವವರು ಮುಖ ಆಚೆ ಮಾಡಿಕೊಂಡು ಹೋದರು. ಸಣ್ಣ ಕಪ್ಪು ಮೀನುಗಳೇ ಹೆಚ್ಚು. ಕಟ್ಲಾ ಎರಡೋ ಮೂರೋ ಸಿಕ್ಕಿದ್ದನ್ನು ನೀರಿಗೆ ಬಿಟ್ಟರು. ಕಡಿದದ್ದನ್ನೆಲ್ಲ ತುಂಬಿ ತೆಂಗಿನ ಬುಡದ ಗುಂಡಿಗೆ ಒಯ್ದು ಸುರಿದು ಮಣ್ಣೆಳೆದರು. ಒಯ್ದದ್ದು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ.

ನಾನು ಅದನ್ನು ನೋಡುತ್ತಿದ್ದುದನ್ನು ಅವರು ನೋಡಿದರು. "ಇಡ್ಕೋ ಬಾಮೈದ, ಈ ಕಡೆ," ಎಂದರು. ಹಿಡಿದುಕೊಂಡೆ. ಅದಕ್ಕೆ ಈಗ ಮುಚ್ಚಳ ಇರಲಿಲ್ಲ.

ಮನೆಯ ಮುಂದೆ ಅಕ್ಕ ಹಂಡೆಯಲ್ಲಿ ನೀರು ತುಂಬಿಟ್ಟುಕೊಂಡು ಕಾಯುತ್ತಿದ್ದಳು. ನಮ್ಮಿಬ್ಬರನ್ನೂ ಅಂಗಳದಲ್ಲೇ ನಿಲ್ಲಿಸಿ, ತಲೆಯ ಮೇಲೆ ನೀರು ಹೊಯ್ದ ಮೇಲೆಯೇ ಒಳಗೆ ಬಿಟ್ಟಳು.