ಚುಕ್ಕಿಗೆರೆಯ ಖಲೀಮುಲ್ಲಾ ಮೇಷ್ಟ್ರು
ಎಡಗಾಲನ್ನು ತುಸು ಎಳೆದು ನಡೆಯುವ ಖಲೀಮುಲ್ಲಾ ಮೇಷ್ಟ್ರು ಶಿಡ್ಲಘಟ್ಟದ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಮಾಡುತ್ತಾರೆ. ಜೀವಕೋಶದ ನ್ಯೂಕ್ಲಿಯಸ್ಸಿನೊಳಕ್ಕೆ ಹೋದರೆಂದರೆ ತಿಂಗಳಾದರೂ ಹೊರಗೆ ಬರುವುದಿಲ್ಲ. ಅದರೊಳಗಿನ ನ್ಯೂಕ್ಲಿಯೋಲಸ್ಸನ್ನು ಚುಕ್ಕಿಗೆರೆಯಲ್ಲೇ ಬರೆಯಬೇಕು, ಗಟ್ಟಿಗೆರೆ ಎಳೆದವರಿಗೆ ಅಂಕವಿಲ್ಲ. "ಅದಕ್ಕೆ ಗೋಡೆ ಇಲ್ಲ ಕಣಪ್ಪ. ನೂರಾರು ಬಗೆ ಪ್ರೋಟೀನು ಬರ್ತಾವೆ, ಒಂದು ಗಳಿಗೆ ಇದ್ದು ಹೋಗ್ತಾವೆ. ಯಾವತ್ತೂ ಖಾಲಿ ಇರಲ್ಲ" ಎನ್ನುತ್ತಾರೆ, ತರಗತಿಯಲ್ಲೂ, ಮದುವೆ ಊಟದ ಪಂಕ್ತಿಯಲ್ಲೂ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲೂ. ಕಾಲೇಜು ಬಿಟ್ಟ ಮೇಲೆ ಅವರ ಬಾಡಿಗೆ ಮನೆಯ ಬಾಗಿಲು ತೆರೆದೇ ಇರುತ್ತದೆ, ಹೊರಗೆ ಯಾವಾಗಲೂ ನಾಲ್ಕು ಜೊತೆ ಚಪ್ಪಲಿ. ಯಾರೋ ನೆಂಟರು ಬಂದಿರಬೇಕೆಂದು ನಾನು ಎಷ್ಟೋ ಸಲ ಹೊಸ್ತಿಲಿನಿಂದಲೇ ಹಿಂದಿರುಗಿದ್ದೇನೆ. ಮೊನ್ನೆ ಬಗ್ಗಿ ನೋಡಿದೆ: ನಾಲ್ಕು ಜೊತೆಯದೂ ಒಂದೇ ಅಳತೆ, ನಾಲ್ಕರಲ್ಲೂ ಎಡಗಾಲಿನದೇ ಸವೆದಿತ್ತು.